ನಾಲೆಯ ಈ ತುದಿಯಲ್ಲಿ ಕೂತವರ ಲೆಕ್ಕ

ತುಮಕೂರಿನ ನಮ್ಮ ಮನೆ ನಲ್ಲಿಯಲ್ಲಿ ಬರುವುದು ಹೇಮಾವತಿ. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ಹೊರಟು, ಬಾಗೂರು-ನವಿಲೆ ಸುರಂಗ ದಾಟಿ, ತೆಂಗಿನ ತೋಟಗಳ ಪಕ್ಕದ ನಾಲೆಯಲ್ಲಿ ಹರಿದು, ಊರಾಚೆಯ ಬುಗುಡನಹಳ್ಳಿ ಕೆರೆಗೆ ಬಂದು ಬೀಳುತ್ತದೆ. ಅಲ್ಲಿಂದ ಪೈಪು, ಪೈಪಿನಿಂದ ಸಂಪು. ಬೇಸಿಗೆಯಲ್ಲಿ ಬುಗುಡನಹಳ್ಳಿ ಕೆರೆಯ ತಳ ಕಾಣಿಸಿದರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದ ಸುದ್ದಿ ಬಂದರೆ ಟೀ ಅಂಗಡಿಯಲ್ಲಿ ಒಂದೇ ಮಾತು: "ನಾಲೆಗೆ ಬಿಟ್ರಂತಾ?"

ಆ ನಾಲೆಯ ಇನ್ನೊಂದು ತುದಿಯಲ್ಲಿ ಏನಾಯಿತು ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಗೊರೂರು ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರ್ ಲೆಕ್ಕದಲ್ಲಿ 2,831 ಕೋಟಿ. ಅಷ್ಟು ನೀರು ನಿಲ್ಲುವ ಜಾಗದಲ್ಲಿ ಹಿಂದೆ ಊರುಗಳಿದ್ದವು, ಗದ್ದೆಗಳಿದ್ದವು. ಶೆಟ್ಟಿಹಳ್ಳಿಯ ಹಳೇ ಚರ್ಚು ಈಗಲೂ ಅಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಎದ್ದು ನಿಲ್ಲುತ್ತದೆ. ನಮ್ಮೂರಿನ ಹುಡುಗರು ಭಾನುವಾರ ಬೈಕ್ ಹತ್ತಿ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಅವರು ಅದೇ ಜಲಾಶಯದ ನೀರಿನಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಹೊರಟವರು. ಅದು ಅವರಿಗೆ ಹೊಳೆಯುತ್ತದೋ ಇಲ್ಲವೋ.

ಅಣೆಕಟ್ಟು ಬೇಕಾ ಬೇಡವಾ ಅನ್ನುವ ಚರ್ಚೆಯಲ್ಲಿ ನನಗೆ ಆಯ್ಕೆಯೇ ಇಲ್ಲ. ನಾನು ಕುಡಿಯುವುದೇ ಅದನ್ನು. ಹಾಗಂತ ಲೆಕ್ಕ ಕೇಳಬಾರದು ಅಂತೇನಿಲ್ಲವಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಬಯಲುಸೀಮೆಯ ನಮ್ಮ ಈ ಮೂರು ಜಿಲ್ಲೆಗಳ ವಿಚಿತ್ರ ನೋಡಿ. ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಲ್ಲವೂ ಹುಟ್ಟುತ್ತವೆ. ನಮ್ಮ ದೇವರಾಯನದುರ್ಗದಲ್ಲಿ ಜಯಮಂಗಲಿ, ಶಿಂಷಾ. ಇಷ್ಟು ನದಿಗಳಿಗೆ ತವರು, ಆದರೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕನ್ನಂಬಾಡಿ ಕಟ್ಟೆಯ ಜೊತೆ ಯಾರ ಹೆಸರು ಅಂಟಿಕೊಂಡಿದೆಯೋ ಆ ವಿಶ್ವೇಶ್ವರಯ್ಯನವರು ಹುಟ್ಟಿದ್ದೂ ಇದೇ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ. ಅವರ ಸಮಾಧಿ ಇರುವುದೂ ಅಲ್ಲೇ. ಮುದ್ದೇನಹಳ್ಳಿಗೆ ಹೋದಾಗಲೆಲ್ಲ ಸುತ್ತಲಿನ ಬೋರ್‌ವೆಲ್ ಲಾರಿಗಳನ್ನು ನೋಡಿ ನನಗೆ ಇದೇ ನೆನಪಾಗುತ್ತದೆ.

ಕೋಲಾರಕ್ಕೆ ಕಾವೇರಿ ಮೊದಲು ಬಂದಿದ್ದು ನೀರಾಗಿ ಅಲ್ಲ, ಕರೆಂಟಾಗಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿ.ಮೀ. ದೂರ ತಂತಿ ಎಳೆದು, ಚಿನ್ನದ ಗಣಿಗೆ ಕೊಟ್ಟರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಆದರೆ ಬೇಸಿಗೆಯಲ್ಲಿ ಹೊಳೆ ಇಳಿದರೆ ಗಣಿಯ ಯಂತ್ರಗಳಿಗೆ ಶಕ್ತಿ ಸಾಲದು. ವರ್ಷಪೂರ್ತಿ ಒಂದೇ ಸಮ ನೀರು ಬೀಳಬೇಕಿದ್ದರೆ ಮೇಲೆ ಎಲ್ಲಾದರೂ ಹಿಡಿದಿಡಬೇಕು. ಮೈಸೂರಿನ ಹತ್ತಿರ ಕಟ್ಟೆ ಕಟ್ಟಲು ಇದೂ ಒಂದು ದೊಡ್ಡ ಕಾರಣ. 1911ರಲ್ಲಿ ಕೆಲಸ ಶುರುವಾಗಿ 1931ರ ಹೊತ್ತಿಗೆ ಮುಗಿಯಿತು. ಕನ್ನಂಬಾಡಿ ಅನ್ನುವ ಊರು ನೀರಿನ ಕೆಳಗೆ ಹೋಯಿತು.

ಯೋಚಿಸಿ. ಕೋಲಾರದ ನೆಲದಡಿಯ ಚಿನ್ನಕ್ಕಾಗಿ ಕಾವೇರಿ ದಡದ ಊರು ಎದ್ದು ಹೋಗಬೇಕಾಯಿತು. ಗಣಿ 2001ರಲ್ಲಿ ಮುಚ್ಚಿತು. ಕಟ್ಟೆ ನಿಂತಿದೆ, ಮಂಡ್ಯಕ್ಕೆ ಕಬ್ಬು ಕೊಟ್ಟಿದೆ, ಬೆಂಗಳೂರಿಗೆ ಕುಡಿಯಲು ಕೊಟ್ಟಿದೆ. ಯಾವ ಉದ್ದೇಶಕ್ಕೆ ಕಟ್ಟುತ್ತೇವೋ ಅದು ಹೋಗುತ್ತದೆ, ಬೇರೆ ಉದ್ದೇಶಗಳು ಬಂದು ಕೂರುತ್ತವೆ. ಎದ್ದು ಹೋದ ಊರು ಮಾತ್ರ ತಿರುಗಿ ಬರುವುದಿಲ್ಲ.

ಕಾವೇರಿ ಎರಡನೇ ಸಲ ಕೋಲಾರಕ್ಕೆ ಬಂದಿದ್ದು 2018ರಲ್ಲಿ. ಈ ಸಲ ನೀರಾಗಿಯೇ ಬಂತು, ಆದರೆ ಬೆಂಗಳೂರು ಬಳಸಿ ಬಿಟ್ಟ ಮೇಲೆ. ಕೆ.ಸಿ. ವ್ಯಾಲಿ ಯೋಜನೆ ಅಂತ ಕರೆಯುತ್ತಾರಲ್ಲ, ಅದೇ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಲಕ್ಷ್ಮೀಸಾಗರ ಕೆರೆಗೆ ತಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುವುದು. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ. ಬೆಂಗಳೂರಿನ ಆ ನೀರಿನಲ್ಲಿ ದೊಡ್ಡ ಪಾಲು ಕಾವೇರಿಯದೇ. ಕೆರೆಗಳು ತುಂಬಿದವು, ಸುತ್ತಲಿನ ಬೋರುಗಳಲ್ಲಿ ನೀರು ಮೇಲೆ ಬಂತು. ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಅನ್ನುವ ಜಗಳ ಇಂದಿಗೂ ಮುಗಿದಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ-ನಾಗವಾರ ಕಣಿವೆಯಿಂದ ಇದೇ ರೀತಿ ಬರುತ್ತದೆ. ನಗರದವರು ಸ್ನಾನ ಮಾಡಿ ಬಿಟ್ಟಿದ್ದು ನಮಗಾ ಅಂತ ಅಲ್ಲಿನವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೊಸದಾಗಿ ಯಾರ ಊರನ್ನೂ ಮುಳುಗಿಸದೆ ಇಷ್ಟು ನೀರು ಸಿಕ್ಕ ಯೋಜನೆ ಇನ್ನೊಂದನ್ನು ನಾನು ಕಂಡಿಲ್ಲ. ಇದರ ಬಗ್ಗೆ ನನಗೆ ಗೌರವವಿದೆ, ಮೂಗು ಮುಚ್ಚಿಕೊಂಡೇ ಇರಲಿ.

ಅಣೆಕಟ್ಟಿನ ಲಾಭಗಳನ್ನು ಸಣ್ಣದು ಮಾಡಿ ಹೇಳುವುದು ಸುಳ್ಳಾಗುತ್ತದೆ. ಹೇಮಾವತಿ ಬರುವುದಕ್ಕೆ ಮುಂಚೆ ತುಮಕೂರಿನಲ್ಲಿ ಕೊಡ ಹಿಡಿದು ಸಾಲು ನಿಂತವರು ಇನ್ನೂ ನಮ್ಮ ಓಣಿಯಲ್ಲಿದ್ದಾರೆ. ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ನಾಲೆ ನೀರಿನಿಂದ ಕೆರೆ ತುಂಬಿಸಿದ ವರ್ಷ ತೆಂಗು ಉಳಿಯುತ್ತದೆ, ತುಂಬಿಸದ ವರ್ಷ ಸುಳಿ ಒಣಗುತ್ತದೆ. ಎರಡಕ್ಕೂ ನಡುವೆ ಒಂದು ಕುಟುಂಬದ ಸಾಲ, ಮಗಳ ಮದುವೆ, ಮಗನ ಕಾಲೇಜು ಎಲ್ಲ ಇರುತ್ತದೆ. ಪಾವಗಡದಂಥ ಫ್ಲೋರೈಡ್ ನೀರಿನ ತಾಲೂಕಿನಲ್ಲಿ, ಹಲ್ಲು ಹಳದಿಯಾಗಿ ಮೂಳೆ ಬಾಗಿದವರ ಮುಂದೆ ನಿಂತು 'ನದಿಯನ್ನು ಅದರ ಪಾಡಿಗೆ ಹರಿಯಲು ಬಿಡಿ' ಅನ್ನುವ ಧೈರ್ಯ ನನಗಿಲ್ಲ.

ಆದರೆ ನೀರು ಬಂದ ಮೇಲೆ ನಾವು ಏನು ಮಾಡಿದೆವು ಅನ್ನುವುದೂ ಲೆಕ್ಕದಲ್ಲಿ ಬರಬೇಕಲ್ವಾ? ರಾಗಿ ಹೊಲ ಇದ್ದ ಕಡೆ ಅಡಿಕೆ ಎದ್ದಿತು. ಅಡಿಕೆಗೆ ನಾಲೆ ಸಾಲದು, ಬೋರೂ ಬೇಕು. ನೀರು ಬಂದಷ್ಟೂ ಬಾಯಾರಿಕೆ ಜಾಸ್ತಿಯಾಯಿತು. ಈಗ ನಾಲೆಯ ನೀರಿಗೆ ಜಿಲ್ಲೆಯೊಳಗೇ ಜಗಳ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಹೆಸರಿನಲ್ಲಿ ನಾಲೆಯ ಮೇಲ್ಭಾಗದಿಂದಲೇ ಪೈಪ್ ಹಾಕಿ ಕುಣಿಗಲ್ ಕಡೆಗೆ ಒಯ್ಯುತ್ತೇವೆ ಅಂದಾಗ, 2025ರಲ್ಲಿ ಗುಬ್ಬಿ ಕಡೆಯ ರೈತರು ಬೀದಿಗಿಳಿದರು. ಕುಣಿಗಲ್‌ನವರು ಕೇಳುವುದು: ನಾಲೆಯ ಕೊನೆಯಲ್ಲಿದ್ದೇವೆ ಅಂತ ನಮ್ಮ ಪಾಲು ಎಷ್ಟು ದಿನ ಬಾರದೇ ಇರಬೇಕು? ಗುಬ್ಬಿಯವರು ಕೇಳುವುದು: ಮೇಲೇ ತಿರುಗಿಸಿದರೆ ನಮಗೇನು ಉಳಿಯುತ್ತದೆ? ಇಬ್ಬರ ಮಾತೂ ಸರಿಯೇ. ನಾಲೆ ಒಂದೇ.

ಅಣೆಕಟ್ಟಿನ ಬೇರೆ ಖರ್ಚುಗಳು ನಿಧಾನವಾಗಿ ಬರುತ್ತವೆ. ಹೂಳು ಇದೆಯಲ್ಲ, ಅದರಷ್ಟು ಸದ್ದಿಲ್ಲದ ಕಳ್ಳ ಇನ್ನೊಬ್ಬನಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 132 ಟಿಎಂಸಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಅಂದರೆ 26 ಟಿಎಂಸಿಗೂ ಹೆಚ್ಚು ಜಾಗವನ್ನು ಮಣ್ಣು ತಿಂದಿದೆ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ಸೇರಿ ಏಳು ಜಿಲ್ಲೆಗೆ ನೀರು ತರುತ್ತೇವೆ ಅಂತ ಹೊರಟ ಎತ್ತಿನಹೊಳೆ ಯೋಜನೆಯ ಒಟ್ಟು ನೀರೇ 24.01 ಟಿಎಂಸಿ. ಒಂದು ಹಳೇ ಕಟ್ಟೆಯಲ್ಲಿ ಹೂಳು ನುಂಗಿದ್ದು, ಒಂದು ಹೊಸ ಯೋಜನೆ ಕೊಡುತ್ತೇನೆ ಅನ್ನುವುದಕ್ಕಿಂತ ಜಾಸ್ತಿ! ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟು ಬಹಳ ಹೊತ್ತು ನೋಡಿದ್ದೇನೆ.

ಅದೇ ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ಹಳೆಯ ಕಬ್ಬಿಣ, ಎಷ್ಟು ಅಂತ ತಡೆದೀತು? ತುಂಬಿದ್ದ ನೀರನ್ನು ಹೊಳೆಗೆ ಬಿಟ್ಟು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಹಲಗೆಗಳನ್ನು ಇಳಿಸಬೇಕಾಯಿತು. ನಮ್ಮ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಕಟ್ಟೆಯಲ್ಲಿ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟಿದರೆ ತಾನಾಗೇ ಎಳೆದು ಆಚೆ ಬಿಡುತ್ತವೆ. ಚೈನ್ ಇಲ್ಲ, ಗೇಟ್ ಎತ್ತುವವರು ಬೇಕಿಲ್ಲ. ಅದು ಮೈಸೂರು ಅರಸರ ಕಾಲದ ಬುದ್ಧಿ. ತುಂಗಭದ್ರೆಯಷ್ಟು ದೊಡ್ಡ ಕಟ್ಟೆಗೆ ಅದು ಹೊಂದುವುದಿಲ್ಲ ಅಂತ ಎಂಜಿನಿಯರುಗಳು ಹೇಳಬಹುದು. ಸರಿ. ಹಾಗಾದರೆ ಅಷ್ಟು ದೊಡ್ಡದು ಕಟ್ಟಿದವರು ಅಷ್ಟೇ ದೊಡ್ಡ ರಿಪೇರಿ ಖರ್ಚನ್ನೂ ಮೊದಲ ದಿನವೇ ಎತ್ತಿಡಬೇಕು. ನಾವು ಗುದ್ದಲಿ ಪೂಜೆಗೆ ಪೆಂಡಾಲ್ ಹಾಕುತ್ತೇವೆ, ಗ್ರೀಸ್ ಹಚ್ಚುವುದಕ್ಕೆ ಟೆಂಡರ್ ಕರೆಯಲು ಮರೆಯುತ್ತೇವೆ.

ಇನ್ನು ಮೀನು. ಕಾವೇರಿಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟೊಂದೇ ಕಾರಣ ಅಲ್ಲ. ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್, ಡೈನಮೈಟ್ ಹಾಕಿ ಮೀನು ಹಿಡಿಯುವವರು, ಮರಳು ತೆಗೆಯುವವರು, ಎಲ್ಲರ ಪಾಲೂ ಇದೆ. ಆದರೆ ಹೊಳೆಯುದ್ದಕ್ಕೂ ಮೇಲೆ ಕೆಳಗೆ ಓಡಾಡಿ ಮೊಟ್ಟೆ ಇಡುವ ಮೀನಿಗೆ ಅಡ್ಡ ಗೋಡೆ ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು?

'ಸುಮ್ನೆ ಸಮುದ್ರಕ್ಕೆ ಹೋಗಿ ಸೇರೋ ನೀರು' ಅನ್ನುವ ಮಾತು ನಮ್ಮ ಕಡೆ ತುಂಬ ಓಡಾಡುತ್ತದೆ. ಎತ್ತಿನಹೊಳೆ ಹೋರಾಟದ ವೇದಿಕೆಗಳಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. ಸಮುದ್ರಕ್ಕೆ ಹೋಗುವ ನೀರು ದಾರಿಯಲ್ಲಿ ಕೆಲಸ ಮಾಡಿಕೊಂಡೇ ಹೋಗುತ್ತದೆ. ದಡದ ಬಾವಿಗಳಿಗೆ ಒರತೆ ಕೊಡುತ್ತದೆ. ಮಣ್ಣು ಹೊತ್ತು ತರುತ್ತದೆ. ಅಳಿವೆಯಲ್ಲಿ ಉಪ್ಪು ನೀರನ್ನು ಆಚೆ ತಳ್ಳಿ ಮೀನು ಮರಿಗಳಿಗೆ ಜಾಗ ಮಾಡುತ್ತದೆ. ಎತ್ತಿನಹೊಳೆಯ ನೀರು ಹೋಗಿ ಸೇರುವ ನೇತ್ರಾವತಿಗಾಗಿ ದಕ್ಷಿಣ ಕನ್ನಡದವರು ಬಂದ್ ಮಾಡಿದಾಗ ನಮ್ಮ ಕಡೆಯವರು 'ಇವರಿಗೆ ಹೊಟ್ಟೆಕಿಚ್ಚು' ಅಂದರು. ಬೇಸಿಗೆಯಲ್ಲಿ ಅಲ್ಲೂ ಟ್ಯಾಂಕರ್ ಓಡುತ್ತದೆ ಅನ್ನುವುದು ನಮಗೆ ಕಾಣುವುದಿಲ್ಲ. ಮಳೆ ಜಾಸ್ತಿ ಬೀಳುವ ಊರಿಗೆ ನೀರಿನ ಚಿಂತೆ ಇರುವುದಿಲ್ಲ ಅಂತ ನಂಬುವುದು ನಮಗೆ ಅನುಕೂಲ.

ಎತ್ತಿನಹೊಳೆ ಯೋಜನೆಗೆ 2014ರಲ್ಲಿ 12,912 ಕೋಟಿ ರೂಪಾಯಿ ಅಂದರು. ಆಮೇಲೆ ಅದು 23,251 ಕೋಟಿಗೆ ಏರಿತು. ಸಕಲೇಶಪುರದ ಹಳ್ಳಗಳಲ್ಲಿ ಅಷ್ಟು ನೀರೇ ಇಲ್ಲ, ಸಿಗುವುದು 9.55 ಟಿಎಂಸಿ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಅಧ್ಯಯನ ಮಾಡಿ ಹೇಳಿದರು. ಸರ್ಕಾರ 24 ಅಂತಲೇ ಮುಂದುವರಿಯಿತು. 2024ರ ಗೌರಿ ಹಬ್ಬದ ದಿನ ಮೊದಲ ಹಂತದ ಪಂಪುಗಳು ಶುರುವಾದವು. ಘಟ್ಟದ ಮೇಲೆ ಮರಗಳು ಹೋದವು, ಗುಡ್ಡ ಅಗೆದು ಪೈಪು ಹೂತರು.

ಆ ಹೊಳೆಗಳು ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುತ್ತವೆ. ಹಾಗಾಗಿ ತಂದ ನೀರನ್ನು ಎಲ್ಲಾದರೂ ಹಿಡಿದಿಡಬೇಕು. ಅದಕ್ಕೆ ಆರಿಸಿದ್ದು ನಮ್ಮ ಕೊರಟಗೆರೆ ತಾಲೂಕಿನ ಬೈರಗೊಂಡ್ಲು. ಮೂಲ ಯೋಜನೆಯಲ್ಲಿ 5.78 ಟಿಎಂಸಿಯ ಜಲಾಶಯ. ಆಮೇಲೆ ಅದರ ಅಳತೆ, ರೂಪ ಎಲ್ಲದರ ಬಗ್ಗೆ ಮಾತು ಬದಲಾಗುತ್ತಲೇ ಬಂದಿದೆ. ಮುಳುಗುವ ಜಮೀನು ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ಎರಡೂ ತಾಲೂಕಿಗೆ ಸೇರಿದ್ದು.

ಅಲ್ಲಿಯವರೆಗೆ ಮುಳುಗಡೆ ಅಂದರೆ ನಮಗೆ ಶರಾವತಿ, ಆಲಮಟ್ಟಿ. ದೂರದ ಊರು, ಪೇಪರ್ ಸುದ್ದಿ. ಲಿಂಗನಮಕ್ಕಿಗಾಗಿ ಊರು ಬಿಟ್ಟವರ ಮಕ್ಕಳು ಕಾಡಿನಂಚಿನ ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ ಅಂತ ಓದಿ, ಅಯ್ಯೋ ಅಂದು, ಪುಟ ತಿರುಗಿಸುತ್ತಿದ್ದೆವು. ಈಗ ಪಟ್ಟಿಯಲ್ಲಿ ನಮ್ಮ ಸೀಮೆಯ ಊರಿನ ಹೆಸರುಗಳು ಬಂದವು. ನನ್ನ ಸೋದರಮಾವನ ಹೊಲ ಇರುವುದು ಆ ಕಡೆಯೇ. ಹೋದ ಸಲ ಊರಿಗೆ ಹೋದಾಗ ಹುಣಸೆ ಮರದ ಕೆಳಗೆ ಕೂತು ಮಾತಾಡಿದೆವು.

"ಕೋಲಾರದೋರಿಗೆ ನೀರು ಕೊಡಬಾರ್ದು ಅಂತ ನಾನೇನ್ ಅಂತಿಲ್ಲ ಕಣಪ್ಪಾ," ಅಂದರು ಮಾವ. "ಅವ್ರೂ ನಮ್ಮಂಗೇ ಬೋರ್ ಕೊರ್ಸಿ ಸತ್ತೋರು. ಆದ್ರೆ ಬದಿನ ಆಚೆ ದೊಡ್ಡಬಳ್ಳಾಪುರದೋನ ಹೊಲಕ್ಕೊಂದು ರೇಟು, ಈಚೆ ನಮ್ ಹೊಲಕ್ಕೊಂದು ರೇಟು. ಒಂದೇ ಮಣ್ಣು, ಒಂದೇ ನೀರ್ನಾಗೆ ಮುಳುಗ್ತೈತೆ. ಇದ್ಯಾವ ನ್ಯಾಯ?"

ಬೆಂಗಳೂರಿಗೆ ಹತ್ತಿರ ಇರುವ ತಾಲೂಕಿನಲ್ಲಿ ಜಮೀನಿನ ಸರ್ಕಾರಿ ಬೆಲೆ ಜಾಸ್ತಿ, ಅದಕ್ಕೆ ಪರಿಹಾರವೂ ಜಾಸ್ತಿ. ಕಾಗದದ ಮೇಲೆ ಇದಕ್ಕೆ ಉತ್ತರ ಇದೆ. ಹೊಲದ ಬದುವಿನ ಮೇಲೆ ನಿಂತವರಿಗೆ ಉತ್ತರ ಇಲ್ಲ. ಈ ಜಗಳದಲ್ಲಿಯೇ ಯೋಜನೆ ವರ್ಷಗಟ್ಟಲೆ ತಡವಾಯಿತು.

"ಹಾಗಾದ್ರೆ ಎಷ್ಟು ಕೊಟ್ಟರೆ ಸರಿ ಮಾವ?" ಅಂತ ಕೇಳಿದೆ.

"ದುಡ್ಡು ಎಷ್ಟು ಕೊಟ್ರೂ ಖರ್ಚಾಗ್ತೈತೆ. ಹೊಲ ಖರ್ಚಾಗ್ತಿತ್ತಾ?"

ಈ ಮಾತು ನನ್ನನ್ನು ಬಿಡಲಿಲ್ಲ. ಅಣೆಕಟ್ಟಿನ ಲಾಭ ವರ್ಷ ವರ್ಷ ಬರುತ್ತದೆ. ನೂರು ವರ್ಷ ಕಳೆದರೂ ಬರುತ್ತದೆ. ಹಿರಿಯೂರಿನ ವಾಣಿ ವಿಲಾಸ ಸಾಗರ ಮುಗಿದಿದ್ದು 1907ರಲ್ಲಿ, ಇಂದಿಗೂ ತೋಟಗಳಿಗೆ ನೀರು ಕೊಡುತ್ತಿದೆ. ನೆಲ ಕೊಟ್ಟವರಿಗೆ ಸಿಗುವುದು ಮಾತ್ರ ಒಂದೇ ಸಲ. ಆ ದುಡ್ಡಿನಲ್ಲಿ ಮನೆ ಕಟ್ಟಿ, ಮದುವೆ ಮಾಡಿ, ಟ್ರ್ಯಾಕ್ಟರ್ ತೆಗೆದುಕೊಂಡು ಮುಗಿಸಿದ ಮೇಲೆ ಮುಂದಿನ ತಲೆಮಾರಿಗೆ ಏನೂ ಇಲ್ಲ. ಅಣೆಕಟ್ಟಿನ ಲೆಕ್ಕದಲ್ಲಿ ನನಗೆ ಕಾಣುವ ದೊಡ್ಡ ಮೋಸ ಇದು. ಕಾಡು, ಮೀನು, ಹೂಳಿನ ಮಾತು ಬೇರೆ, ಅವುಗಳನ್ನು ದುಡ್ಡಿನಲ್ಲಿ ಕೂಡಿ ಕಳೆಯಲು ಬರುವುದಿಲ್ಲ. ಇದನ್ನಾದರೂ ಸರಿ ಮಾಡಬಹುದಿತ್ತು.

ಸಣ್ಣ ದಾರಿಗಳನ್ನು ಮೊದಲು ಹಿಡಿಯಬೇಕು ಅನ್ನುವುದು ನಿಜ. ಕೊರಟಗೆರೆ, ಮಧುಗಿರಿ, ಪಾವಗಡ ಕಡೆ ತಲಪರಿಗೆಗಳಿದ್ದವು. ಕೆರೆ ಹೊಳೆಗಳ ಹತ್ತಿರ ಮಣ್ಣು ತೋಡಿದರೆ ತಾನಾಗಿ ಒರತೆ ಉಕ್ಕುವ ಜಾಗಗಳು. ವರ್ಷಕ್ಕೊಂದು ಸಲ ಊರವರೇ ಹೂಳು ತೆಗೆದು, ಪೂಜೆ ಮಾಡಿ, ಸರದಿ ಪ್ರಕಾರ ಗದ್ದೆಗೆ ನೀರು ಬಿಡುತ್ತಿದ್ದರು. ಸಾವಿರ ಅಡಿ ಬೋರುಗಳು ಬಂದ ಮೇಲೆ ಬಹುತೇಕ ಬತ್ತಿದವು. ಕೆಲವು ಕಡೆ ಮತ್ತೆ ತೋಡಿ ನೀರು ತಂದಿದ್ದಾರೆ. ಕೆರೆಗಳ ಕಥೆಯೂ ಅದೇ. ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ ಹೋಗುವಂತೆ ಕಟ್ಟಿದ ಸರಪಳಿ ಇತ್ತು. ನಡುವಿನ ರಾಜಕಾಲುವೆ ಮುಚ್ಚಿ ಸೈಟು ಮಾಡಿದ್ದೇವೆ. ಆದರೆ ತುಮಕೂರಿನಂಥ ಊರಿಗೆ ತಲಪರಿಗೆ ನೀರು ಕುಡಿಸಲು ಆಗುತ್ತದಾ? ಆಗಲ್ಲ. ಕೆರೆ ತುಂಬಬೇಕಾದರೂ ಮಳೆ ಬರಬೇಕು, ಎರಡು ವರ್ಷ ಕೈಕೊಟ್ಟರೆ ಮುಗಿಯಿತು. ದೊಡ್ಡ ಕಟ್ಟೆಯ ಬದಲು ಸಣ್ಣ ಕೆರೆ ಸಾಕು ಅನ್ನುವವರು ಸಾಮಾನ್ಯವಾಗಿ ಕಾವೇರಿ ನಲ್ಲಿ ಇರುವ ಮನೆಯಲ್ಲಿ ಕೂತು ಹೇಳುತ್ತಾರೆ.

ಹಾಗಾಗಿ ನನ್ನ ತಲೆ ಹೋಗುವುದು ಪಾವಗಡದ ಸೋಲಾರ್ ಪಾರ್ಕ್ ಕಡೆಗೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಇದೆ. ಅಲ್ಲೂ ಎಲ್ಲ ಸರಿಯಿಲ್ಲ. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಬರುವುದಿಲ್ಲ, ಕೆಲಸವೂ ಹೋಯಿತು. ಮತ್ತೆ ಬಿಸಿಲು ಮುಳುಗಿದ ಮೇಲೆ ಕರೆಂಟ್ ಎಲ್ಲಿಂದ? ಅದಕ್ಕೆ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಮಾಡಬೇಕು ಅಂತ ಸರ್ಕಾರ ಹೊರಟಿದೆ. ಕರೆಂಟ್ ಹೆಚ್ಚಿಗೆ ಇರುವಾಗ ಗೇರುಸೊಪ್ಪೆಯಿಂದ ತಲಕಳಲೆಗೆ ನೀರು ಎತ್ತುವುದು, ಬೇಕಾದಾಗ ಕೆಳಗೆ ಬಿಡುವುದು. ಸಿಂಗಳೀಕಗಳ ಅಭಯಾರಣ್ಯದೊಳಗೆ. ನಮ್ಮ ಜಿಲ್ಲೆಯ ಬಿಸಿಲಿಗೂ ಮತ್ತೆ ಅದೇ ಕಣಿವೆಯೇ ಬೆಲೆ ಕೊಡಬೇಕಾಗಿ ಬಂದಿದೆ, ನೋಡಿ.

ಆದರೂ ಬಾಡಿಗೆ ಅನ್ನುವ ಯೋಚನೆ ಒಳ್ಳೆಯದು. ಕನ್ನಡಿ ಹಲಗೆ ಹಾಸಲು ನೆಲವನ್ನು ಬಾಡಿಗೆಗೆ ಪಡೆಯಬಹುದಾದರೆ ನೀರು ನಿಲ್ಲಿಸಲು ಯಾಕೆ ಆಗಬಾರದು? ನೀರು ನಿಂತಷ್ಟು ವರ್ಷ, ನೆಲ ಕೊಟ್ಟ ಮನೆಗೆ ವರ್ಷ ವರ್ಷ ಒಂದು ಪಾಲು. ಕೂಲಿಯವರಿಗೂ ಒಂದು ಪಾಲು. ಅದನ್ನು ಕೊಡಬೇಕಾದವರು ನೀರು ಕುಡಿಯುವವರು, ಅಂದರೆ ನಾವು. ತುಮಕೂರಿನ ನೀರಿನ ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿಸಿ, ಗೊರೂರು ಹಿನ್ನೀರಿನವರಿಗೆ ಅಂತ ತಿಂಗಳಿಗೆ ಐವತ್ತೋ ನೂರೋ ಹಾಕಿದರೆ ನಾನು ಕೊಡಲು ತಯಾರು. ನಮ್ಮ ಬೀದಿಯಲ್ಲಿ ಇದನ್ನು ಹೇಳಿದರೆ ಯಾರೂ ಒಪ್ಪುವುದಿಲ್ಲ ಅನ್ನುವುದೂ ಗೊತ್ತು. ಈಗಿರುವ ಬಿಲ್ಲನ್ನೇ ಕಟ್ಟದೆ ಬಾಕಿ ಉಳಿಸಿಕೊಂಡ ಬೀದಿ ಅದು.

ಮಾವನಿಗೆ ಫೋನ್ ಮಾಡಿ ಈ ಬಾಡಿಗೆಯ ವಿಷಯ ವಿವರವಾಗಿ ಹೇಳಿದೆ. ಪಾವಗಡದ ಲೆಕ್ಕವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಬಾಡಿಗೆ ಆದ್ರೂ ಆಗ್ಲಿ ಕಣಪ್ಪಾ," ಅಂದರು. "ಆದ್ರೆ ದೊಡ್ಡಬಳ್ಳಾಪುರದ ರೇಟೇ ಆಗ್ಬೇಕು."